ಬೋರ್ ನೀರು ಬಿಟ್ಟ ಮೇಲೆ ಸೋಪು ತಿಳಿಯಾಯಿತು

ಕೊಬ್ಬರಿ ಎಣ್ಣೆಯಲ್ಲಿ ಲಿಕ್ವಿಡ್ ಸೋಪು ಮಾಡ್ತೀನಿ ಅಂದಾಗ ತಿಪಟೂರಿನ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. "ಆ್ಯಸಿಡ್ ಸ್ಲರಿ ಇಲ್ದೆ ಆಗಲ್ಲಮ್ಮ, ಸುಮ್ನೆ ಎಣ್ಣೆ ಹಾಳು ಮಾಡ್ಬೇಡ" ಅಂದರು ಭಾವ. ಸ್ಲರಿ ಅಂದರೆ ಡಿಟರ್ಜೆಂಟ್ ಮಾಡುವ ರಾಸಾಯನಿಕ, ಅದರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಮಾಡಿ ಮಾರಿದವರು ಅವರು. ಈಗ ನನ್ನ ಬಾಟಲಿಯ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು.

ನನ್ನ ಅಳತೆ ಇಷ್ಟೇ. ಕೊಬ್ಬರಿ ಎಣ್ಣೆ 800 ಗ್ರಾಂ, ಹರಳೆಣ್ಣೆ 200 ಗ್ರಾಂ. ಎಣ್ಣೆಯನ್ನು ಸೋಪಾಗಿಸುವ ಕ್ಷಾರ, ಅಂದರೆ 90 ಪರ್ಸೆಂಟ್ ಶುದ್ಧತೆಯ ಕಾಸ್ಟಿಕ್ ಪೊಟ್ಯಾಶ್ 260 ಗ್ರಾಂ ಹತ್ತಿರ, ಅದರ ಮೂರು ಪಟ್ಟು ನೀರು. ಎಣ್ಣೆಯಲ್ಲಿ ಸುಮಾರು 3 ಪರ್ಸೆಂಟ್ ಸೋಪಾಗದೆ ಉಳಿಯುವ ಲೆಕ್ಕ. ಅದಕ್ಕಿಂತ ಜಾಸ್ತಿ ಬಿಟ್ಟರೆ ಎಣ್ಣೆ ಮೇಲೆ ತೇಲುತ್ತದೆ. ಪೊಟ್ಯಾಶ್ ಮೈ ಸುಡುತ್ತದೆ, ಸ್ಟೀಲ್ ಪಾತ್ರೆ, ಗ್ಲೌಸು, ಕನ್ನಡಕ ಬೇಕೇ ಬೇಕು.

ಈ ಅಳತೆ ಮೊದಲಿಂದ ಬದಲಾಗಿಲ್ಲ. ಆದರೂ ಇದನ್ನು ಬೇಯಿಸಿ ಬಂದ ಪೇಸ್ಟಿಗೆ ನೀರು ಬೆರೆಸಿದರೆ ಸೋಪು ಮಜ್ಜಿಗೆ ಹಾಗೆ ಕದಡಿಕೊಂಡೇ ಇರುತ್ತಿತ್ತು. ಎಣ್ಣೆ ಬದಲಾಯಿಸು, ಇನ್ನೂ ಎರಡು ಗಂಟೆ ಬೇಯಿಸು ಅಂತ ಎಲ್ಲರೂ ಹೇಳಿದರು. ಗಾಣದ ಎಣ್ಣೆ ಕಿಲೋಗೆ 400 ದಾಟಿದ್ದ ಕಾಲ ಅದು. ಎರಡು ಸಾವಿರದಷ್ಟು ಎಣ್ಣೆ ಹೀಗೇ ಹೋಯಿತು.

ಕೊನೆಗೆ ಒಂದೇ ಪೇಸ್ಟಿನಿಂದ ಒಂದೊಂದು ಚಮಚ ತೆಗೆದು ಎರಡು ಲೋಟಕ್ಕೆ ಹಾಕಿದೆ. ಒಂದಕ್ಕೆ ಬಿಸಿ ಬೋರ್ ನೀರು, ಇನ್ನೊಂದಕ್ಕೆ ಬಿಸಿ ಮಾಡಿದ ಮಳೆ ನೀರು. ಬೋರ್ ನೀರಿನ ಲೋಟ ಕಲಕುತ್ತಿದ್ದ ಹಾಗೇ ಬೆಳ್ಳಗಾಯಿತು, ಅಂಚಿನಲ್ಲಿ ಜಿಗುಟು ಪದರ ಕಟ್ಟಿತು. ಮಳೆ ನೀರಿನದು ಚಹಾ ಡಿಕಾಕ್ಷನ್ ಬಣ್ಣದಲ್ಲಿ ತಿಳಿಯಾಗಿ ನಿಂತಿತು. ನಮ್ಮ ಕಡೆ ಬೋರ್ ನೀರು ಬಕೆಟ್ಟಿಗೆ ಬಿಳಿ ಕಟ್ಟುತ್ತದೆ ಅಲ್ವಾ, ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿ ಆಗುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗಲ್ಲ. ಆಮೇಲಿಂದ ಮೊದಲ ಮಳೆ ಬಿಟ್ಟು, ನಂತರದ ನೀರನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬುತ್ತೇನೆ. ಅದು ಮುಗಿದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್.

ಇನ್ನೊಂದು ಪೆಟ್ಟು ಪೊಟ್ಯಾಶಿನಿಂದ ಬಿತ್ತು. ಅಂಗಡಿಯವರು ಬಿಡಿಯಾಗಿ ತೂಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟಿದ್ದರು. ಮಳೆಗಾಲದ ಗಾಳಿಗೆ ಫ್ಲೇಕ್ಸ್ ಒಂದಕ್ಕೊಂದು ಅಂಟಿ ನೀರೊಡೆದಿತ್ತು. ತೂಕದಲ್ಲಿ 260 ಗ್ರಾಂ ಬಂದರೂ ಅದರಲ್ಲಿ ಸ್ವಲ್ಪ ನೀರೂ ಸೇರಿತ್ತು. ಮಾರನೇ ದಿನ ನೋಡಿದರೆ ಎಣ್ಣೆ ಮೇಲೆ ನಿಂತಿತ್ತು. ಹೊಸ ಪೊಟ್ಯಾಶ್ ಹತ್ತು ಗ್ರಾಂನಷ್ಟು ನೀರಲ್ಲಿ ಕರಗಿಸಿ ಹಾಕಿ, ಇನ್ನೊಂದು ಗಂಟೆ ಬೇಯಿಸಿದ ಮೇಲೆ ಸರಿ ಹೋಯಿತು. ಕ್ಷಾರ ಇದ್ದರೆ ಗುಲಾಬಿಯಾಗುವ ಫೀನಾಲ್ಫ್ತಲೀನ್ ದ್ರಾವಣದ ಹನಿಗೆ ತೆಳು ಗುಲಾಬಿ ಬಂದರೆ ನಿಲ್ಲಿಸಿ. ಕಡು ಗುಲಾಬಿ ಬಂದರೆ ಪೊಟ್ಯಾಶ್ ಉಳಿದಿದೆ ಅಂತ ಅರ್ಥ. ಪೊಟ್ಯಾಶಿನ ಕ್ಷಾರ ಕಡಿಮೆ ಆಗಲಿ ಅಂತ ನಿಂಬೆರಸ ಹಿಂಡಬೇಡಿ, ಸೋಪು ಒಡೆದು ಬಿಳಿ ಗಂಟಾಗುತ್ತದೆ.

ಸೋಪು ನೀರು ನೀರಾಗಿದೆ ಅಂತ ಉಪ್ಪು ಹಾಕುವವರಿದ್ದಾರೆ. ಸ್ಲರಿ ಲಿಕ್ವಿಡ್ಡಿಗೆ ಉಪ್ಪು ನಡೆಯುತ್ತದೆ, ಕೊಬ್ಬರಿ ಸೋಪಿಗೆ ನಡೆಯಲ್ಲ. ಸಮುದ್ರದ ನೀರಲ್ಲೂ ನೊರೆ ಬರುವ ಸೋಪು ಇದು, ಉಪ್ಪಿಗೆ ಎಲ್ಲಿ ಬಗ್ಗುತ್ತದೆ? ನಾನು ಒತ್ತಿದರೆ ನೊರೆಯೇ ಬರುವ ಫೋಮ್ ಪಂಪ್ ಬಾಟಲಿಗೆ ಹೋದೆ, ಗಟ್ಟಿ ಮಾಡುವ ತಾಪತ್ರಯವೇ ಇಲ್ಲ. ಆದರೆ ಹೊಂಗೆ ಎಣ್ಣೆಯಲ್ಲಿ ಸ್ವಲ್ಪ ಮಾಡಿ ನೋಡಿದಾಗ ಚಿಟಿಕೆ ಉಪ್ಪಿಗೇ ದಪ್ಪಗಾಯಿತು. ಅದಕ್ಕೆ ಪೊಟ್ಯಾಶೂ ಕಡಿಮೆ ಸಾಕು. ಕಂದು ಬಣ್ಣ, ಘಾಟು ವಾಸನೆ, ಕೈ ತೊಳೆಯಲು ಆಗಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತರಕಾರಿ ಬೆಳೆಗೆ ಸಿಂಪಡಿಸಲು ಹೊಂಗೆ ಸೋಪು ರೂಪಿಸಿದ್ದಾರಲ್ಲ, ಹಾಗಾಗಿ ನನ್ನದನ್ನೂ ತೆಳು ಮಾಡಿ ಬದನೆ ಗಿಡಕ್ಕೆ ಹೊಡೆದೆ. ಹೇನು ಇಳಿದಿದೆ. ಇನ್ನೊಂದು ಬೆಳೆ ನೋಡಿ ಅದರ ಅಳತೆ ಬರೆಯುತ್ತೇನೆ.

ಈ ಅಳತೆಗೆ ಪೇಸ್ಟಿನಷ್ಟೇ ನೀರು ಸೇರಿಸಿದರೆ ನಾಲ್ಕು ಲೀಟರ್ ಸಿಗುತ್ತದೆ. ನಾನು ಲೆಕ್ಕ ಹಾಕಿದಾಗ ಬಾಟಲಿ, ಗ್ಯಾಸ್ ಬಿಟ್ಟು ಲೀಟರಿಗೆ 110 ರೂಪಾಯಿ ಆಸುಪಾಸು ಬಿದ್ದಿತ್ತು. ವಾಸನೆಗೆ ಮಜ್ಜಿಗೆಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆ ಹಾಕಿದರೂ ಸೋಪು ಕದಡದ ಹಾಗೆ ಹೇಗೆ ಬೆರೆಸುತ್ತೇನೆ ಅಂತ ಮಾತ್ರ ಈಗ ಹೇಳಲ್ಲ, ಮಾರುವುದು ಅದರ ಮೇಲೇ ನಿಂತಿದೆ.