ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಹೊರಡುವ ಮುಂಚೆ

ಬೆಂಗಳೂರಿನಲ್ಲಿ ಒಂದೆರಡು ತಿಂಗಳ ಇಂಟರ್ನ್‌ಶಿಪ್ ಮುಗಿಸಿ ಕೊಡಗಿಗೆ ವಾಪಸ್ ಬರುವವರಿಗೆ ಒಂದು ಮಾತು. ಸರ್ಟಿಫಿಕೇಟ್ ಕೈಗೆ ಸಿಗದೆ ಬಸ್ ಹತ್ತಬೇಡಿ. "ಆಮೇಲೆ ಮೇಲ್ ಮಾಡ್ತೀವಿ" ಅಂದವರು ಎಷ್ಟೋ ಸಲ ಮರೆತೇ ಬಿಡ್ತಾರೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಒಂದು ಸಹಿಗೋಸ್ಕರ ಮಡಿಕೇರಿಯಿಂದ ಸುಮಾರು 250 ಕಿಲೋಮೀಟರ್ ಬಸ್ಸಲ್ಲಿ ಕೂರೋದು ಯಾರಿಗೆ ಬೇಕು ಹೇಳಿ?

ಕೊನೆಯ ವಾರ ಶುರುವಾಗುತ್ತಲೇ ಕೇಳಿ. ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ. ಸೇರಿದ ತಾರೀಖು, ಮುಗಿದ ತಾರೀಖು, ಲೆಟರ್‌ಹೆಡ್, ಸಹಿ, ಸೀಲು ಎಲ್ಲಾ ನೋಡಿ. ಹೆಸರಂತೂ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೇ ಇರಬೇಕು. ನಮ್ಮ ಕಡೆ ಹೆಸರಿನ ಜೊತೆ ಮನೆ ಹೆಸರು ಇರುವವರು ಜಾಸ್ತಿ ಅಲ್ವಾ, ಅದನ್ನು ಹಿಂದುಮುಂದು ಮಾಡಿಬಿಡ್ತಾರೆ.

ಆಫೀಸ್ ಮೇಲ್ ಬಂದ್ ಆಗುವ ಮುಂಚೆ, ಯಾವುದನ್ನು ಕಾಲೇಜ್ ರಿಪೋರ್ಟಿಗೆ ಬಳಸಬಹುದು ಅಂತ ಕೇಳಿ, ಅಷ್ಟನ್ನು ಮಾತ್ರ ತಗೊಳ್ಳಿ. ಸುಮ್ನೆ ಎಲ್ಲಾ ಫೈಲ್ ಕಾಪಿ ಮಾಡಬೇಡಿ, ತೊಂದರೆ ಆದೀತು.

ಇನ್ನೊಂದು. ಏನು ಕೆಲಸ ಮಾಡಿದಿರಿ, ಎಲ್ಲಿ ತಡವರಿಸಿದಿರಿ, ಯಾವ ಕೆಲಸ ಬೇಜಾರು ತರಿಸಿತು, ಒಂದು ಪುಟ ಬರೆದಿಡಿ. ಇಂಟರ್‌ವ್ಯೂನಲ್ಲಿ ಕೇಳೋದು ಇದನ್ನೇ. ಬೇಜಾರಾದದ್ದನ್ನೂ ಬರೀರಿ, ಮುಂದೆ ಯಾವ ಕೆಲಸ ಬೇಡ ಅನ್ನೋದು ಗೊತ್ತಾಗೋದು ಅಲ್ಲೇ.

ಪಿಜಿ ಖಾಲಿ ಮಾಡೋದನ್ನು ಮೊದಲೇ ಹೇಳಿ, ಇಲ್ಲಾಂದ್ರೆ ಅಡ್ವಾನ್ಸ್ ಹಣಕ್ಕೆ ಕತ್ತರಿ. ಶುಕ್ರವಾರ ರಾತ್ರಿ ಹೊರಡೋದಾದ್ರೆ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಿ ಸೀಟ್ ಹುಡುಕಬೇಡಿ, ಮುಂಚೆಯೇ ಬುಕ್ ಮಾಡಿ.