ಮಳೆ ಹಿಡಿಯುವ ಮೊದಲೇ ಮಗುವಿನ ಅಸ್ತಮಾಕ್ಕೆ ತಯಾರಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ, ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವುದಿಲ್ಲ, ಕಪಾಟಿನೊಳಗೆ ಬೂಸ್ಟು ಬರುತ್ತದೆ. ಅಸ್ತಮಾ ಇರುವ ಮಕ್ಕಳಿಗೆ ಇದು ಕಷ್ಟದ ಕಾಲ. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಶಬ್ದ, ಸ್ವಲ್ಪ ಓಡಿದರೂ ಏದುಸಿರು. ಎಷ್ಟೋ ಊರುಗಳಿಂದ ಆಸ್ಪತ್ರೆ ದೂರ, ನಡುವೆ ದೇವಿಮನೆಯಂಥ ಘಟ್ಟ ಬೇರೆ. ಅದಕ್ಕೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಪ್ಪ-ಅಮ್ಮಂದಿರು ಮೇ ತಿಂಗಳಲ್ಲೇ ತಯಾರಾಗಬೇಕು.

ಮೊದಲು ಕಾಯಿಲೆಯನ್ನು ತಿಳಿದುಕೊಳ್ಳೋಣ. ಅಸ್ತಮಾದಲ್ಲಿ ಉಸಿರಿನ ನಳಿಕೆಗಳ ಒಳಗೋಡೆ ಬಾತಿರುತ್ತದೆ. ಶೀತ, ಹೊಗೆ, ಧೂಳು ತಾಗಿದಾಗ ನಳಿಕೆ ಬಿಗಿಯುತ್ತದೆ, ಕಫ ಕಟ್ಟುತ್ತದೆ. ಮಗು ಚೆನ್ನಾಗಿ ಆಡಿಕೊಂಡಿದ್ದಾಗಲೂ ಆ ಬಾವು ಸ್ವಲ್ಪ ಇದ್ದೇ ಇರಬಹುದು. ಡಾಕ್ಟರು ಸಾಮಾನ್ಯವಾಗಿ ಎರಡು ಪಂಪು (ಇನ್ಹೇಲರ್) ಕೊಡುವುದು ಇದಕ್ಕೇ. ಸಾಲ್ಬುಟಮಾಲ್ ಪಂಪು ಬಿಗಿದ ನಳಿಕೆಯನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಬುಡೆಸೊನೈಡ್‌ನಂಥದ್ದು ಬಾವನ್ನು ಇಳಿಸುತ್ತದೆ. ಆದರೆ ಅದರ ಗುಣ ಕಾಣಲು ಒಂದೆರಡು ವಾರ ಬೇಕು. ಮಗು ಹುಷಾರಾಯಿತು ಅಂತ ಇದನ್ನು ಸುಮ್ನೆ ನಿಲ್ಲಿಸಬೇಡಿ. ನಿಲ್ಲಿಸುವುದನ್ನೂ ಕಡಿಮೆ ಮಾಡುವುದನ್ನೂ ಡಾಕ್ಟರೇ ಹೇಳಲಿ.

‘ಪಂಪು ಚಟವಾಗುತ್ತದೆ, ಸಿರಪ್ಪೇ ಸಾಕು’ ಎನ್ನುವ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ, ಅಲ್ವಾ? ಪಂಪು ಚಟವಾಗುವುದಿಲ್ಲ. ಸಾಲ್ಬುಟಮಾಲ್ ಪಂಪಿನ ಒಂದು ಪಫ್‌ನಲ್ಲಿ (ಒಂದು ಸಲ ಒತ್ತಿದಾಗ ಬರುವ ಔಷಧಿ) ಇರುವುದು 100 ಮೈಕ್ರೊಗ್ರಾಂ. ಅದೇ ಔಷಧಿಯ ಸಿರಪ್ಪಿನಲ್ಲಿ 5 ಮಿ.ಲೀ.ಗೆ 2 ಮಿಲಿಗ್ರಾಂ, ಅಂದರೆ 20 ಪಟ್ಟು. ಪಂಪಿನ ಔಷಧಿ ನೇರ ಎದೆಗೆ ಹೋಗುವುದರಿಂದ ಅಷ್ಟು ಕಡಿಮೆಯೇ ಸಾಕಾಗುತ್ತದೆ.

ಪಂಪು ಕೊಡುವ ಬಗೆ

ಮಕ್ಕಳಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಪಂಪು ಕೊಡಬೇಡಿ. ನೇರ ಬಾಯಿಗೆ ಹೊಡೆದರೆ ಔಷಧಿ ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರ್ ಬೇಕು.

ಮಗುವನ್ನು ನೆಟ್ಟಗೆ ಕೂರಿಸಿ. ಪಂಪನ್ನು ಚೆನ್ನಾಗಿ ಕುಲುಕಿ, ಸ್ಪೇಸರಿಗೆ ಸಿಕ್ಕಿಸಿ. ಮಾಸ್ಕ್ ಮೂಗು-ಬಾಯಿಗೆ ಸಂದಿಲ್ಲದಂತೆ ಕೂರಲಿ. ಒಂದೇ ಒಂದು ಸಲ ಒತ್ತಿ, ಮಗು ಐದಾರು ಸಲ ನಿಧಾನವಾಗಿ ಉಸಿರಾಡಲಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಕೊಡಿ. ಬಾವು ಇಳಿಸುವ ಪಂಪು ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು.

ಸ್ಪೇಸರನ್ನು ತಿಂಗಳಿಗೊಮ್ಮೆ ಸೋಪಿನ ನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಬಟ್ಟೆಯಿಂದ ಒರೆಸಿದರೆ ಔಷಧಿ ಪ್ಲಾಸ್ಟಿಕ್ಕಿಗೇ ಅಂಟುತ್ತದೆ. ಪಂಪು ಖಾಲಿಯಾಗಿದೆಯೇ ಎಂದು ನೀರಲ್ಲಿ ತೇಲಿಸಿ ನೋಡುವುದನ್ನು ನಂಬಬೇಡಿ. 200 ಪಫ್‌ನ ಪಂಪನ್ನು ದಿನಕ್ಕೆ 4 ಪಫ್ ಬಳಸಿದರೆ 50 ದಿನ ಬರುತ್ತದೆ. ಶುರು ಮಾಡಿದ ತಾರೀಖನ್ನು ಅದರ ಮೇಲೇ ಬರೆದಿಡಿ.

ಮನೆಯೊಳಗೆ

ಏಪ್ರಿಲ್-ಮೇ ಬಿಸಿಲು ಇರುವಾಗಲೇ ಹಾಸಿಗೆ, ದಿಂಬು, ಕಂಬಳಿಗಳನ್ನು ಒಣಗಿಸಿ. ಚಾದರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಚ್ಚಲ ಹಂಡೆಯ ಬಿಸಿನೀರಲ್ಲಿ ತೊಳೆಯಿರಿ. ಹಾಸಿಗೆಯ ಧೂಳುಹುಳ ತಣ್ಣೀರಿಗೆ ಸಾಯುವುದಿಲ್ಲ. ಒದ್ದೆ ಬಟ್ಟೆಗಳನ್ನು ಮಗು ಮಲಗುವ ಕೋಣೆಯಲ್ಲಿ ಹರವಬೇಡಿ. ಬಚ್ಚಲ ಒಲೆ ಹೊತ್ತಿಸುವಾಗ, ಅಡಿಕೆ ಸುಲಿಯುವಾಗ, ದರಕು (ಒಣ ಎಲೆ) ತುಂಬುವಾಗ ಮಗು ದೂರವಿರಲಿ. ಸೊಳ್ಳೆ ಬತ್ತಿ, ಊದುಬತ್ತಿ, ಬೀಡಿ-ಸಿಗರೇಟಿನ ಹೊಗೆ ಮನೆಯೊಳಗೆ ಬೇಡವೇ ಬೇಡ. ಫ್ಲೂ ಲಸಿಕೆ ಬಗ್ಗೆಯೂ ಮಳೆಗೆ ಮೊದಲೇ ಡಾಕ್ಟರನ್ನು ಕೇಳಿ. ಆಟ ಬಿಡಿಸಬೇಡಿ. ಓಡಿದಾಗಲೆಲ್ಲ ಕೆಮ್ಮು ಬರುತ್ತಿದ್ದರೆ ಅದು ಡಾಕ್ಟರಿಗೆ ಹೇಳಬೇಕಾದ ವಿಷಯ.

ಉಸಿರು ಕಟ್ಟಿದರೆ

ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಎಂದು ಡಾಕ್ಟರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ಪ್ರತಿ ಅಡುಗೆಮನೆಯ ಗೋಡೆಗೆ, ಇನ್ನೊಂದು ಶಾಲೆಯ ಟೀಚರಿಗೆ. ಸಾಲ್ಬುಟಮಾಲ್ ಪಂಪು, ಸ್ಪೇಸರ್ ಶಾಲೆಯಲ್ಲೂ ಇರಲಿ.

ಪಕ್ಕೆಲುಬುಗಳ ನಡುವೆ ಚರ್ಮ ಒಳಗೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಗು ಮಂಕಾದರೆ, ಪಂಪಿಗೂ ಬಗ್ಗದಿದ್ದರೆ ಕಾಯಬೇಡಿ. ಸುಂಯ್ ಶಬ್ದ ನಿಂತೂ ಮಗು ಏದುತ್ತಿದ್ದರೆ ಅದು ಇನ್ನೂ ಅಪಾಯ, ಗಾಳಿಯೇ ಆಡುತ್ತಿಲ್ಲ ಎಂದರ್ಥ. ಮಲಗಿಸಬೇಡಿ, ಕೂರಿಸಿಯೇ ಇಟ್ಟುಕೊಳ್ಳಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುವ ಹಳ್ಳಿಯಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ, ದಾರಿಯುದ್ದಕ್ಕೂ ಬರೆದುಕೊಟ್ಟ ಪ್ರಕಾರ ಪಂಪು ಕೊಡುತ್ತಲೇ ಇರಿ.