ಕೂತು ನುಡಿಸುವವರಿಗೆ ಲೂಪರ್: ಪಿಟೀಲಿನ ಅಭ್ಯಾಸಕ್ಕೆ ನಾನು ಆರಿಸಿಕೊಂಡಿದ್ದು

ಲೂಪರ್ ಅಂದರೆ ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ತಿರುಗಿಸಿ ಕೇಳಿಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ, ಅಂದರೆ ಪೆಡಲ್. ಕರ್ನಾಟಕ ಸಂಗೀತದ ಪಿಟೀಲಿಗೆ ಅದು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಶ್ರುತಿ ಪೆಟ್ಟಿಗೆ ಇದೆ, ಫೋನಿನಲ್ಲಿ ತಾಳದ ಆಪ್ ಇದೆ, ಸಾಲದಾ? ವರ್ಣ ಅನ್ನುವ ರಚನೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ನುಡಿಸುವುದಕ್ಕೆ ಖಂಡಿತ ಸಾಕು. ಆದರೆ ಕಲ್ಪನಾಸ್ವರಕ್ಕೆ, ಅಂದರೆ ಆ ಕ್ಷಣದಲ್ಲೇ ಸ್ವರ ಹೆಣೆಯುವುದಕ್ಕೆ, ಕೂತಾಗ ಇನ್ನೊಬ್ಬರು ಬೇಕು. ಪಲ್ಲವಿಯ ಸಾಲನ್ನು ಅವರು ಹಿಡಿದಿರಬೇಕು, ನಾವು ಸ್ವರ ಹಾಕಿ ಎಡುಪಿಗೆ (ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ) ಸರಿಯಾಗಿ ಬಂದು ಸೇರಬೇಕು. ದಿನಾ ರಾತ್ರಿ ಊಟವಾದ ಮೇಲೆ ನನ್ನ ಜೊತೆ ಕೂರಲು ಯಾರಿಗೆ ಪುರುಸೊತ್ತಿದೆ? ನಾನು ಲೂಪರ್ ಹುಡುಕಿದ್ದು ಇದೊಂದು ಕೆಲಸಕ್ಕೇ.

ನಾನು ಲೂಪ್ ಮಾಡುವ ರೀತಿ ಮೊದಲು ಹೇಳುತ್ತೇನೆ, ಸಾಮಾನಿನ ಆಯ್ಕೆ ಅದರ ಮೇಲೇ ನಿಂತಿದೆ. ಪಲ್ಲವಿಯ ಸಾಲು ಬಿಡದೆ ತಿರುಗುತ್ತಿದ್ದರೆ ಅದರ ಮೇಲೆ ಸ್ವರ ಹಾಕಲು ಆಗುವುದಿಲ್ಲ, ಎರಡೂ ಬಡಿದಾಡುತ್ತವೆ. ಹಾಗಾಗಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಸಾಲು ನುಡಿಸುತ್ತೇನೆ, ಮುಂದಿನ ಆವರ್ತವನ್ನು ಖಾಲಿ ಬಿಡುತ್ತೇನೆ. ಆ ಖಾಲಿ ಜಾಗದಲ್ಲಿ ತಾಳ ಮಾತ್ರ ಕೇಳಿಸುತ್ತದೆ. ಅಲ್ಲಿ ಸ್ವರ ಹಾಕಬೇಕು, ಸಾಲು ಮರಳುವಾಗ ಅದರ ಜೊತೆ ಸೇರಬೇಕು. ಅದು ಹಿಡಿತಕ್ಕೆ ಬಂದ ಮೇಲೆ ಎರಡು ಆವರ್ತ ಖಾಲಿ, ಆಮೇಲೆ ನಾಲ್ಕು. ಆದಿತಾಳದ ಎಂಟು ಅಕ್ಷರವನ್ನು (ಎಣಿಕೆಯನ್ನು) ಸೆಕೆಂಡಿಗೆ ಒಂದರಂತೆ ಹಾಕಿದರೆ ಒಂದು ಆವರ್ತಕ್ಕೆ 8 ಸೆಕೆಂಡ್. ಒಂದು ಸಾಲು, ನಾಲ್ಕು ಖಾಲಿ ಸೇರಿದರೆ 40 ಸೆಕೆಂಡ್. ಟಿಸಿ ಎಲೆಕ್ಟ್ರಾನಿಕ್‌ನ ಪುಟ್ಟ ಡಿಟ್ಟೋ ಲೂಪರಿನಲ್ಲೇ 5 ನಿಮಿಷ ಹಿಡಿಸುತ್ತದೆ, ಬಾಸ್ ಆರ್‌ಸಿ-1ರಲ್ಲಿ 12 ನಿಮಿಷ. ಎಷ್ಟು ಗಂಟೆ ರೆಕಾರ್ಡ್ ಆಗುತ್ತದೆ ಅನ್ನುವ ಅಂಕಿ ನೋಡಿ ದುಡ್ಡು ಜಾಸ್ತಿ ಕೊಡುವ ಅಗತ್ಯ ನಮಗಿಲ್ಲ.

ನನ್ನ ಆಯ್ಕೆಯನ್ನು ನಿಜವಾಗಿ ತೀರ್ಮಾನಿಸಿದ್ದು ತಾಳ. ಲೂಪರ್ ಒಂದು ಕಡೆ, ಫೋನಿನ ತಾಳ ಇನ್ನೊಂದು ಕಡೆ ಇಟ್ಟರೆ ಎರಡೂ ಬೇರೆಬೇರೆ ಗಡಿಯಾರ. ಲೂಪ್ ಮುಗಿಸಲು ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಒತ್ತುವಾಗ ನಾವು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ ಮಾಡಿದೆವು ಅಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಪ್ರತಿ ಸುತ್ತಿಗೂ ಅಷ್ಟೇ ಕೂಡುತ್ತಾ ಹೋಗುತ್ತದೆ. ಇಪ್ಪತ್ತು ಸುತ್ತಾಗುವ ಹೊತ್ತಿಗೆ ಪೂರ್ತಿ ಒಂದು ಸೆಕೆಂಡ್, ಅಂದರೆ ಒಂದು ಅಕ್ಷರವೇ ಜಾರಿರುತ್ತದೆ. ಅಷ್ಟು ಹೊತ್ತಿಗೆ ತಪ್ಪು ನಮ್ಮದಾ ಯಂತ್ರದ್ದಾ ಅಂತ ತಿಳಿಯದೆ ಅಭ್ಯಾಸ ಕೆಡುತ್ತದೆ. ತಾಳವೂ ಲೂಪೂ ಒಂದೇ ಗಡಿಯಾರದ ಮೇಲೆ ಇರಬೇಕು.

ಇದಕ್ಕೆ ಎರಡು ದಾರಿ. ತಾಳದ ಸದ್ದನ್ನೂ ಕೇಬಲ್ ಮೂಲಕ ಲೂಪರ್ ಒಳಗೇ ಕಳಿಸಿ, ಸಾಲಿನ ಜೊತೆಗೇ ರೆಕಾರ್ಡ್ ಮಾಡುವುದು ಒಂದು. ತಾಳ ಒಳಗೇ ಇರುವ ಲೂಪರ್ ಕೊಳ್ಳುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ, ಬಾಸ್ ಆರ್‌ಸಿ-5 ತಂದೆ. ಅದರಲ್ಲಿ 57 ಬಗೆಯ ಲಯ, 99 ಲೂಪ್‌ಗೆ ಜಾಗ ಇದೆ. ಆದಿತಾಳಕ್ಕೆ 4/4ನ್ನು ಎರಡು ಸಲ ಎಣಿಸುತ್ತೇನೆ, ಖಂಡಚಾಪುವಿಗೆ ಐದರ ಎಣಿಕೆ, ಮಿಶ್ರಚಾಪುವಿಗೆ ಏಳರದು. ಡ್ರಮ್ಸ್‌ನ ಸದ್ದು ಮೃದಂಗದ ನಡೆಗೆ ಸಮನಲ್ಲ, ಅದು ನಿಜ. ಅಬ್ಬರವಿಲ್ಲದ ಲಯ ಆರಿಸಿ ಸಣ್ಣಗೆ ಇಟ್ಟುಕೊಂಡರೆ ಸಮ ತೋರಿಸಲು ಅಷ್ಟು ಸಾಕು.

ಕೂರುವ ರೀತಿಯ ಬಗ್ಗೆ ಹೇಳಲೇಬೇಕು. ಈ ಪೆಡಲ್‌ಗಳನ್ನೆಲ್ಲ ನಿಂತು ಗಿಟಾರ್ ನುಡಿಸುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾರೆ. ನಾವು ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿಕೊಂಡಿರುತ್ತೇವೆ. ಆ ಕಾಲು ಅಲ್ಲಾಡಿದರೆ ವಾದ್ಯವೇ ಅಲ್ಲಾಡುತ್ತದೆ. ಎರಡು ಕೈಯೂ ಖಾಲಿ ಇಲ್ಲ. ಉಳಿಯುವುದು ಎಡ ಮಂಡಿ. ಪೆಡಲನ್ನು ಎಡ ಮಂಡಿಯ ಕೆಳಗೆ ಬರುವ ಹಾಗೆ ಇಟ್ಟು ಮಂಡಿಯಿಂದಲೇ ಒತ್ತುತ್ತೇನೆ. ಇದಕ್ಕೆ ಅಗಲವಾದ ರಬ್ಬರ್ ಹಾಸಿನ ಪೆಡಲ್ ಬೇಕು. ಗುಂಡಿಯಂಥ ಲೋಹದ ಸ್ವಿಚ್ ಮೂಳೆಗೆ ಒತ್ತಿ ನೋವಾಗುತ್ತದೆ. ವೀಣೆಯವರಿಗೂ ಇದು ಹೊಂದಬಹುದು, ಕೂತು ನೋಡಿಯೇ ಹೇಳಬೇಕು.

ಒತ್ತುವ ಜಾಗವೂ ಮುಖ್ಯ. ಸಾಲು ಸಮದಿಂದ ಅರ್ಧ ಅಕ್ಷರ ಬಿಟ್ಟು ಶುರುವಾದರೂ ನಾನು ಒತ್ತುವುದು ಸಮಕ್ಕೇ. ಎಡುಪಿಗೆ ಒತ್ತಲು ಹೋದರೆ ಮೊದಲ ಸ್ವರದ ಬಿಲ್ಲಿನ ಹಿಡಿತ ಕತ್ತರಿಸಿ ಹೋಗುತ್ತದೆ. ಇನ್ನೊಂದು ಉಪಾಯ: ಸಾಲನ್ನು ಎರಡು ಸಲ ನುಡಿಸಿ, ಎರಡನೇ ಸಲದ್ದನ್ನು ಹಿಡಿಯಿರಿ. ಕೈ ಆಗಲೇ ನಡೆಯಲ್ಲಿ ಇರುವುದರಿಂದ ಲೂಪಿನ ಸೇರುವೆ ನುಣುಪಾಗಿ ಬರುತ್ತದೆ.

ಇನ್ನು ಸದ್ದು ಒಳಗೆ ಹೋಗುವ ದಾರಿ. ಪಿಟೀಲಿನ ಕುದುರೆಗೆ (ತಂತಿಗಳನ್ನು ಹೊತ್ತ ಮರದ ತುಂಡಿಗೆ) ಅಂಟಿಸಿ, ಅದರ ಕಂಪನವನ್ನೇ ಹಿಡಿಯುವ ಪೀಜೋ ಪಿಕಪ್ ನನ್ನದು. ನಾದ ಸ್ವಲ್ಪ ತೆಳು, ಕಛೇರಿಗೆ ನಾನದನ್ನು ಒಯ್ಯುವುದಿಲ್ಲ. ಅಭ್ಯಾಸಕ್ಕೆ ಮಾತ್ರ ಮೈಕ್‌ಗಿಂತ ಅದೇ ವಾಸಿ. ಮೈಕ್ ಇಟ್ಟರೆ ಪಕ್ಕದಲ್ಲಿರುವ ತಂಬೂರಿಯ ಸದ್ದು, ಸ್ಪೀಕರಿನಿಂದ ಬರುವ ಹಳೆಯ ಲೂಪು, ಎಲ್ಲವೂ ಹೊಸ ಲೂಪಿಗೆ ನುಗ್ಗುತ್ತವೆ. ತಂಬೂರಿಯನ್ನು ಲೂಪರ್ ಒಳಗೆ ಬಿಡಲೇಬೇಡಿ. ಅದು ಬೇರೆ ಪೆಟ್ಟಿಗೆಯಲ್ಲಿ ತನ್ನ ಪಾಡಿಗೆ ನಡೆಯಲಿ, ಇಲ್ಲದಿದ್ದರೆ ಲೂಪ್ ತಿರುಗಿದಾಗಲೆಲ್ಲ ಶ್ರುತಿ ಕತ್ತರಿಸಿದ ಹಾಗೆ ಕೇಳುತ್ತದೆ.

ಸ್ಪೀಕರ್ ಆಗಲಿ ಹೆಡ್‌ಫೋನ್ ಆಗಲಿ, ತಂತಿ ಇರುವುದೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ಸುಲಭವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗುತ್ತದೆ. ಅಕ್ಷರಕ್ಕೆ ನಾಲ್ಕು ಸ್ವರ ಹಾಕುವಾಗ ಒಂದು ಸ್ವರಕ್ಕೆ ಸಿಗುವುದೇ ಕಾಲು ಸೆಕೆಂಡ್. ಹೆಚ್ಚುಕಡಿಮೆ ಒಂದು ಸ್ವರವೇ ಹಿಂದೆ ಬಿತ್ತು ಅಲ್ವಾ? ಫೋನಿನ ಲೂಪ್ ಆಪ್ ಬಳಸುವವರಿಗೂ ಇದೇ ಮಾತು.

ಅಡಾಪ್ಟರ್ ವಿಷಯದಲ್ಲಿ ಹುಷಾರು. ಈ ಪೆಡಲ್‌ಗಳಿಗೆ 9 ವೋಲ್ಟ್, ಪಿನ್ನಿನ ನಡುವೆ ಮೈನಸ್ ಇರುವುದು ಬೇಕು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೂ ಸುಮ್ನೆ 9 ವೋಲ್ಟ್ ಅಂದರೆ ನಡುವೆ ಪ್ಲಸ್ ಇರುವುದನ್ನೇ ಕೊಟ್ಟುಬಿಡಬಹುದು. ಅಡಾಪ್ಟರ್ ಮೈಮೇಲೆ ಅಚ್ಚಾಗಿರುವ ಪ್ಲಸ್-ಮೈನಸ್ ಚಿತ್ರ ನೋಡಿ ತನ್ನಿ.

ಕೊಳ್ಳುವ ಮುಂಚೆ ಅಂಗಡಿಗೆ ನಿಮ್ಮ ವಾದ್ಯ, ಪಿಕಪ್, ಕೇಬಲ್ ಒಯ್ಯಿರಿ. ಸಂಕೋಚ ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಕೊಳ್ಳಿ. ಮಿಶ್ರಚಾಪುವಿನ ಒಂದು ಸಾಲು ಲೂಪ್ ಮಾಡಿ. ಸೇರುವೆಯಲ್ಲಿ ಟಕ್ ಅನ್ನುತ್ತದಾ, ಸಾಲು ಇರುವ ಲೂಪಿನಲ್ಲೇ ತಾಳವನ್ನು ಬೇರೆಯಾಗಿ ತಗ್ಗಿಸಲು ಆಗುತ್ತದಾ, ಮಂಡಿಗೆ ಒತ್ತು ಸಿಗುತ್ತದಾ ನೋಡಿ. ಈ ಮೂರೂ ಸರಿ ಇದ್ದರೆ ಅತಿ ಅಗ್ಗದ್ದನ್ನೇ ತೆಗೆದುಕೊಳ್ಳಿ.